ಬೋಳುಕತ್ತಿನ ಕೋಳಿಗಳ ಓನರಮ್ಮ

ಬೆಂಗಳೂರಿನ ವಿದ್ಯಾರಣ್ಯಪುರದ ಪಕ್ಕದ ಸಿಂಗಾಪುರದಲ್ಲಿ ನಾವು ಬಾಡಿಗೆ ಮನೆ ನೋಡಲು ಹೋದ ದಿನ ಓನರಮ್ಮ ಕೇಳಿದ್ದು ಒಂದೇ ಪ್ರಶ್ನೆ.

"ಮೊಟ್ಟೆ ತಿಂತೀರಾ?"

ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಿದವರಿಗೆ ಈ ಪ್ರಶ್ನೆ ಹೊಸದಲ್ಲ. ಗೇಟಿನಲ್ಲೇ ನಿಲ್ಲಿಸಿ, ಏನು ತಿನ್ನುತ್ತೀರಿ ಏನು ಬಿಡುತ್ತೀರಿ ಎಂದು ವಿಚಾರಿಸಿ, ಆಮೇಲೆ ಬೀಗದಕೈ ತೆಗೆಯುವವರು ಬೇಕಾದಷ್ಟು ಜನ. ಆದರೆ ಆ ಮನೆಯ ಹಿತ್ತಲಲ್ಲಿ ಆಗಲೇ ಒಂದು ಹುಂಜ ಕೂಗುತ್ತಿತ್ತು, ಒಳಗಿನಿಂದ ಖಾರದ ಮಸಾಲೆ ಹುರಿಯುವ ವಾಸನೆ ಬರುತ್ತಿತ್ತು. ಯಾವ ಉತ್ತರ ಕೊಟ್ಟರೆ ಮನೆ ಸಿಗುತ್ತದೆ ಎಂದು ತಿಳಿಯದೆ ನನ್ನ ಗಂಡ ನನ್ನ ಮುಖ ನೋಡಿದರು. ನಾನು ನಿಜವನ್ನೇ ಹೇಳಿದೆ. ನಮ್ಮದು ಸೊಪ್ಪುಸದೆಯ ಮನೆ, ಜೊತೆಗಿರುವ ನಮ್ಮ ಅತ್ತೆಯಂತೂ ಈರುಳ್ಳಿ ಹೆಚ್ಚುವ ಈಳಿಗೆಯನ್ನೂ ಬೇರೆ ಇಟ್ಟವರು, ಎಂದೆ.

"ಅಂಗಾದ್ರೆ ಮನೆ ನಿಮ್ದೆ. ಮೊಟ್ಟೆ ತಿನ್ನೋರ್ನ ಮಡಗಿ ಮಡಗಿ ಸಾಕಾಗೋಗೈತೆ ನಂಗೆ. ಕಾವಿಗೆ ಅಂತ ಎತ್ತಿಟ್ಟಿದ್ನೆಲ್ಲಾ ಆಮ್ಲೆಟ್ ಮಾಡ್ಕಂಡ್ ತಿಂದವ್ರೆ," ಎಂದು ಓನರಮ್ಮ ಸೊಂಟದಿಂದ ಬೀಗದಕೈ ಗೊಂಚಲು ತೆಗೆದರು.

ಆ ಓನರಮ್ಮ ಹೋದ ತಿಂಗಳು ತೀರಿಕೊಂಡರು. ತುಂಬು ವಯಸ್ಸು, ತುಂಬಿದ ಮನೆ. ಮಧ್ಯಾಹ್ನ ಮುದ್ದೆ ಉಂಡು ಅಡ್ಡಾದವರು ಏಳಲಿಲ್ಲವಂತೆ. ನಾವು ಆ ಮನೆ ಬಿಟ್ಟು ಯಲಹಂಕಕ್ಕೆ ಬಂದು ಸ್ವಲ್ಪ ಕಾಲವಾಗಿದೆ. ಸುದ್ದಿ ಕೇಳಿದಾಗ ಅಳು ಬಂತು. ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಅವರ ಒಂದೊಂದೇ ಮಾತು ನೆನಪಾಗಿ ನಗುವೂ ಬಂತು. ನಮ್ಮ ಅತ್ತೆ ಮಾತ್ರ, "ಪುಣ್ಯಾತ್ಗಿತ್ತಿ, ಹೋಗೋದಕ್ಕೂ ಊಟ ಮುಗಿಸ್ಕೊಂಡೇ ಹೋದ್ರು ನೋಡು," ಎಂದು ಹೇಳಿ ದೇವರ ಮುಂದೆ ಒಂದು ದೀಪ ಹಚ್ಚಿಟ್ಟರು.

ಅವರಿಗೆ ಒಂದು ಹೆಸರಿತ್ತು. ಕರೆಂಟ್ ಬಿಲ್ಲಿನ ಮೇಲೆ ನೋಡಿದ್ದೆ. ಆದರೆ ಬೀದಿಯಲ್ಲಿ ಯಾರೂ ಆ ಹೆಸರು ಹಿಡಿದು ಕರೆದದ್ದು ನಾನು ಕೇಳಿಲ್ಲ. ಬಾಡಿಗೆಯವರಿಗೂ ಬಾಡಿಗೆಯಲ್ಲದವರಿಗೂ ಅವರು ಓನರಮ್ಮ. ಸಿಂಗಾಪುರ ಹಳ್ಳಿಯಾಗಿದ್ದಾಗ ಸೊಸೆಯಾಗಿ ಬಂದವರು. ಹೊಲ ಲೇಔಟ್ ಆದದ್ದನ್ನು, ಲೇಔಟಿನ ಮೇಲೆ ಮೂರು ಅಂತಸ್ತು ಎದ್ದದ್ದನ್ನು ಕಣ್ಣಾರೆ ಕಂಡವರು. ಬೆಳಗ್ಗೆ ಗೇಟಿನ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ತಲೆಯ ಮೇಲೊಂದು ಒದ್ದೆ ಟವಲ್ ಹೊದ್ದು ಕೂತರೆ, ಹಾಲಿನವನಿಂದ ಹಿಡಿದು ಕೊರಿಯರ್ ಹುಡುಗನವರೆಗೆ ಎಲ್ಲರೂ ಅವರಿಗೆ ಲೆಕ್ಕ ಒಪ್ಪಿಸಿಯೇ ಒಳಗೆ ಬರಬೇಕು. ಒಮ್ಮೆ ನಮ್ಮನ್ನು ಕೇಳದೆ ನೀರು ಬಿಡುವ ಹೊತ್ತು ಬದಲಾಯಿಸಿದರು. ನನ್ನ ಗಂಡ ಕೆಳಗಿಳಿದು, ಒಂದು ಮಾತು ಕೇಳಬಹುದಿತ್ತಲ್ಲ ಎಂದರು. ಓನರಮ್ಮ ಕುರ್ಚಿಯಿಂದ ಏಳಲೂ ಇಲ್ಲ. "ಕೋಳಿ ಕೇಳಿ ಯಾರಾನ ಮಸಾಲೆ ಅರೀತಾರಾ ಸಾರ್?" ಎಂದರು. ಮರುದಿನ ಹಳೆಯ ಹೊತ್ತಿಗೇ ನೀರು ಬಂತು. ಬೈದು ಕೆಲಸ ಮಾಡಿಕೊಡುವುದು ಅವರ ಪದ್ಧತಿ.

ಮನೆಯ ಹಿಂದೆ ಅವರದೇ ಒಂದು ಖಾಲಿ ಸೈಟು. ಎಡಕ್ಕೂ ಬಲಕ್ಕೂ ಅಪಾರ್ಟ್‌ಮೆಂಟುಗಳು, ನಡುವೆ ಒಂದು ನುಗ್ಗೆಮರ, ಒಂದು ಹೊಂಗೆಮರ, ಶೀಟಿನ ಕೋಳಿಗೂಡು. ಬಿಲ್ಡರುಗಳು ಬಂದು ಅದೇ ಪ್ಲಾಸ್ಟಿಕ್ ಕುರ್ಚಿಯ ಮುಂದೆ ಕೈಕಟ್ಟಿ ನಿಲ್ಲುತ್ತಿದ್ದರು. ಓನರಮ್ಮ ಅವರ ಮಾತನ್ನೆಲ್ಲ ಶ್ರದ್ಧೆಯಿಂದ ಕೇಳಿ, ಕಾಫಿ ಕೊಟ್ಟು, ಕೊನೆಗೆ "ಕೋಳಿ ಎಲ್ಲಿಗೋಗ್ಬೇಕು?" ಎನ್ನುತ್ತಿದ್ದರು. ಅವರ ಮಗ ತಲೆ ಚಚ್ಚಿಕೊಳ್ಳುತ್ತಿದ್ದ.

ಆ ಕೋಳಿಗಳನ್ನು ಮೊದಲ ಸಲ ನೋಡಿದಾಗ ನನಗೆ ಏನೋ ರೋಗ ಬಂದಿದೆ ಎನಿಸಿತ್ತು. ಮೈತುಂಬ ಪುಕ್ಕ, ಕತ್ತಿನ ಮೇಲೆ ಮಾತ್ರ ಒಂದು ಎಳೆಯೂ ಇಲ್ಲ. ಕೆಂಪಗೆ, ಸುಕ್ಕುಗಟ್ಟಿ, ಆಗ ತಾನೇ ಯಾರೋ ಕಿತ್ತು ಬಿಟ್ಟ ಹಾಗೆ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರಲ್ಲ, ಓನರಮ್ಮನಿಗೆ ಅವುಗಳ ಮೇಲೆ ಪ್ರಾಣ. ಮದುವೆಯಾಗಿ ಬರುವಾಗ ತವರಿನಿಂದ ಒಂದು ಬೋಳುಕತ್ತಿನ ಹೇಂಟೆಯನ್ನು ಮಡಿಲಲ್ಲಿಟ್ಟುಕೊಂಡು ಬಂದಿದ್ದರಂತೆ. ಹೇಂಟೆಗೆ ಅವರು ಯಾಟೆ ಎನ್ನುತ್ತಿದ್ದರು. ಹಿತ್ತಲಲ್ಲಿ ಬೇರೆ ಕೋಳಿಗಳೂ ಇದ್ದವು, ಬೋಳುಕತ್ತಿನವೆಲ್ಲ ಆ ಒಂದು ಯಾಟೆಯ ವಂಶ.

"ಚಂದಕ್ಕಲ್ಲ ಟೀಚರಮ್ಮ," ಎಂದು ನನಗೆ ಬುದ್ಧಿ ಹೇಳಿದ್ದರು. ನಾನು ವಿದ್ಯಾರಣ್ಯಪುರದ ಶಾಲೆಯೊಂದರಲ್ಲಿ ಪಾಠ ಮಾಡುತ್ತಿದ್ದೆ, ಹಾಗಾಗಿ ಟೀಚರಮ್ಮ. "ಕೋಳಿಗೆ ಮೈ ಬೆವರಾಕಿಲ್ಲ. ಬಾಯ್ ತಕ್ಕಂಡು ತೇಕ್ಬೇಕು. ಇವಕ್ಕೆ ಕತ್ತಿಂದ ಕಾವು ಓಯ್ತದೆ. ಬ್ಯಾಸ್ಗೇಲಿ ನೀವು ಜಡೆ ಎತ್ತಿ ಕಟ್ಕಣಾಕಿಲ್ವಾ, ಅಂಗೆ."

ಬೇಸಿಗೆ ಬಂತೆಂದರೆ ಓನರಮ್ಮನಿಗೆ ಪುರುಸೊತ್ತಿಲ್ಲ. ಬಿಸಿಲೇರುವ ಮೊದಲೇ ಕಾಳು ಹಾಕಿ ಮುಗಿಸಬೇಕು. ನಡುಮಧ್ಯಾಹ್ನ ತಿಂದರೆ ಹೊಟ್ಟೆಯೊಳಗೂ ಒಲೆ ಹಚ್ಚಿದ ಹಾಗೆ ಎಂದು ಅವರ ವಾದ. ಮರದ ನೆರಳಿನಲ್ಲಿ ಒಡೆದ ಮಡಕೆಯ ತಳಗಳಲ್ಲಿ ನೀರು, ಅದನ್ನು ಮತ್ತೆ ಮತ್ತೆ ಚೆಲ್ಲಿ ಹೊಸದು ತುಂಬುವುದು, ಗೂಡಿನ ಬಿಸಿಲು ಬೀಳುವ ಕಡೆಗೆ ಮಾತ್ರ ಒದ್ದೆ ಗೋಣಿಚೀಲ, ಗಾಳಿ ಬರುವ ಕಡೆ ಬಿಟ್ಟು. ಸಂಜೆಗೆ ಮಜ್ಜಿಗೆಯಲ್ಲಿ ನೆನೆಸಿದ ರಾಗಿ, ಅದರೊಳಗೆ ಸಣ್ಣಗೆ ಹೆಚ್ಚಿದ ಈರುಳ್ಳಿ. ನಮ್ಮ ಅತ್ತೆ ಮಹಡಿಯ ಕಿಟಕಿಯಿಂದ ಇದನ್ನೆಲ್ಲ ನೋಡಿ, "ನಮಗಿಂತ ಚೆನ್ನಾಗಿ ಉಣ್ಣುತ್ತವೆ," ಎನ್ನುತ್ತಿದ್ದರು. ಅದರಲ್ಲಿ ಸ್ವಲ್ಪ ಹೊಟ್ಟೆಕಿಚ್ಚೂ ಇತ್ತು.

ಎಲ್ಲವೂ ಇಷ್ಟು ಸರಿಯಾಗಿತ್ತು ಎಂದು ತಿಳಿಯಬೇಡಿ. ಕಾವಿಗೆ ಕೂರಿಸುವಾಗ ಗುಡುಗಿಗೆ ಮೊಟ್ಟೆ ಕೆಡದಿರಲಿ ಎಂದು ಬುಟ್ಟಿಯಲ್ಲಿ ಒಂದು ಕಬ್ಬಿಣದ ಮೊಳೆ, ಒಂದು ಇದ್ದಿಲು ಇಡುವುದು ಹಳ್ಳಿಕಡೆಯ ರೂಢಿ. ಯಲಹಂಕದ ವಾಯುನೆಲೆಯಲ್ಲಿ ವಿಮಾನಗಳ ಪ್ರದರ್ಶನಕ್ಕೆ ತಾಲೀಮು ಶುರುವಾದರೆ ನಮ್ಮ ಕಿಟಕಿಗಳೆಲ್ಲ ನಡುಗುತ್ತಿದ್ದವು. ಓನರಮ್ಮ ಆಗ ಮೊಳೆ ತೆಗೆದು ಯಾವುದೋ ಗೋಡೌನಿನ ದೊಡ್ಡ ಹಳೇ ಬೀಗ ಇಡುತ್ತಿದ್ದರು. "ಗುಡುಗಿಗೆ ಮೊಳೆ ಸಾಕು, ಇದ್ಕೆ ಬೀಗವೇ ಬೇಕು." ಒಂದು ಸಲ ಹೇಂಟೆ ಆ ಬೀಗದ ಮೇಲೆ ಕೂತು ಎರಡು ಮೊಟ್ಟೆ ಒಡೆಯಿತು. ತಪ್ಪು ವಿಮಾನದ್ದೇ ಎಂದು ತೀರ್ಮಾನವಾಯಿತು.

ಓನರಮ್ಮ ಬೋಳುಕತ್ತಿನ ಕೋಳಿಯನ್ನು ಮಾರುತ್ತಿರಲಿಲ್ಲ, ಪುಕ್ಕಟೆ ಕೊಡುತ್ತಲೂ ಇರಲಿಲ್ಲ. ಪಾಲಿಗೆ ಕೊಡುತ್ತಿದ್ದರು. ಅಂದರೆ ಹೇಂಟೆ ಅವರದು, ಸಾಕುವುದು ನೀವು. ಅದು ಮರಿ ಮಾಡಿ, ಮರಿಗಳು ತಾಯನ್ನು ಬಿಟ್ಟು ಓಡಾಡುವಂತಾದ ಮೇಲೆ ಇಬ್ಬರೂ ಎದುರುಬದುರು ನಿಂತು ಒಂದು ನೀನು ಒಂದು ನಾನು ಎಂದು ಎತ್ತಿಕೊಳ್ಳಬೇಕು. ಮೊದಲು ಎತ್ತುವ ಹಕ್ಕು ಕೋಳಿ ಕೊಟ್ಟವರದು. ಮೂಲೆಯ ಟೈಲರು, ಹೂವಿನವಳು, ಪಕ್ಕದ ಅಪಾರ್ಟ್‌ಮೆಂಟಿನ ವಾಚ್‌ಮನ್ನಿನ ಹೆಂಡತಿ, ಎಲ್ಲರ ಹತ್ತಿರವೂ ಓನರಮ್ಮನ ಪಾಲಿನ ಕೋಳಿಗಳಿದ್ದವು. ಪಾಲು ಮಾಡುವ ದಿನ ಅವರು ನೆಂಟಸ್ತಿಕೆ, ಕರುಣೆ ಎಲ್ಲ ಮನೆಯಲ್ಲಿಟ್ಟು ಹೋಗುವರು. ಮರಿಗಳ ಮೇಲೆ ಕವುಚಿದ್ದ ಮಂಕರಿಬುಟ್ಟಿ ಎತ್ತಿದ ಕೂಡಲೇ ಅವರ ಕೈ ಒಳ್ಳೆಯ ಮರಿಯ ಮೇಲೆಯೇ ಬೀಳುತ್ತಿತ್ತು. ಆಮೇಲೆ ಒಂದು ಮಾತು ತಪ್ಪದೆ ಹೇಳುತ್ತಿದ್ದರು. "ನಮ್ಮನೆಯೋರು ಪಾಲಿಗ್ ಕೊಟ್ಟೋರು, ಪಾಲಿಗ್ ತಗಂಡೋರಲ್ಲ."

ಈ ಪಾಲಿನಿಂದಲೇ ಅವರಿಗೂ ಅವರ ಓರಗಿತ್ತಿಗೂ ಮಾತು ಬಿಟ್ಟಿತ್ತು. ಗಂಡನ ತಮ್ಮನ ಹೆಂಡತಿ. ಒಂದೇ ಒಲೆಯಲ್ಲಿ ಅಡುಗೆ ಮಾಡಿಕೊಂಡಿದ್ದವರು. ಆಮೇಲೆ ಓರಗಿತ್ತಿ ರಾಜಾನುಕುಂಟೆಯ ಹತ್ತಿರದ ತೋಟಕ್ಕೆ ಹೋಗಿ ನೆಲೆಸಿದಾಗ ಓನರಮ್ಮ ಒಂದು ಹೇಂಟೆಯನ್ನು ಪಾಲಿಗೆ ಕೊಟ್ಟು ಕಳಿಸಿದ್ದರು. ಮರಿಗಳಲ್ಲಿ ಬೋಳುಕತ್ತಿನದು ಒಂದೇ ಆಯಿತು. ಓರಗಿತ್ತಿ ಅದನ್ನು ಕೈತುತ್ತು ಹಾಕಿ ಬೆಳೆಸಿದರು. ಕರೆದರೆ ಅಡುಗೆಮನೆಗೇ ಓಡಿಬರುತ್ತಿತ್ತಂತೆ. ಪಾಲಿನ ದಿನ, "ಅಕ್ಕಾ, ಅದೊಂದ್ ನಂಗೆ ಬಿಟ್ಬುಡು," ಎಂದು ಕೇಳಿಕೊಂಡರು. ಓನರಮ್ಮ ಪಾಲು ಅಂದ್ರೆ ಪಾಲು ಎಂದು ಅದನ್ನೇ ಮೊದಲು ಎತ್ತಿದರು. ಆ ಸಂಜೆಯೇ ಓರಗಿತ್ತಿ ತಮ್ಮ ಪಾಲಿನ ಮರಿಗಳನ್ನೂ ತಾಯಿಕೋಳಿಯನ್ನೂ ಒಂದು ಆಟೋದಲ್ಲಿ ಹಾಕಿ ವಾಪಸ್ ಕಳಿಸಿದರು. ಅಲ್ಲಿಂದ ಮುಂದೆ ಮದುವೆಮನೆಗಳಲ್ಲಿ ಇಬ್ಬರೂ ಬೇರೆ ಬೇರೆ ಪಂಕ್ತಿ. ಈ ಕಥೆಯನ್ನು ನನಗೆ ಹೇಳಿದವರು ಓನರಮ್ಮನೇ. ತಾವು ಮಾಡಿದ್ದೇ ಸರಿ ಎಂದು ಸಾಧಿಸುತ್ತಲೇ, ಹೇಳುವಾಗ ಮಾತ್ರ ನನ್ನ ಕಡೆ ನೋಡುತ್ತಿರಲಿಲ್ಲ.

ಬೆಂಗಳೂರು ತಂಪು ಊರು ಎನ್ನುವವರೆಲ್ಲ ಬಾಯಿ ಮುಚ್ಚಿಕೊಂಡ ಬೇಸಿಗೆ ಒಂದು ಬಂತು. ಬೋರುಗಳು ಬತ್ತಿದವು, ಟ್ಯಾಂಕರಿಗೆ ಕಾಯುವುದೇ ಬೀದಿಯ ಕೆಲಸವಾಯಿತು. ಅದಕ್ಕೆ ಮೊದಲಿನ ಮಳೆಗಾಲದಲ್ಲಿ ರೋಗ ಬಂದು ಓನರಮ್ಮನ ಬೋಳುಕತ್ತಿನ ಹೇಂಟೆಗಳೆಲ್ಲ ಹೋಗಿದ್ದವು. ಪಾಲಿಗೆ ಕೊಟ್ಟವೂ ಉಳಿದಿರಲಿಲ್ಲ. ಆ ತಳಿಯಲ್ಲಿ ಉಳಿದದ್ದು ಒಂದು ಮುದಿ ಹುಂಜ ಮಾತ್ರ. ಸಾಧಾರಣ ಹೇಂಟೆಗಳ ಜೊತೆ ಬಿಟ್ಟರೂ ಈ ಹುಂಜಕ್ಕೆ ಹುಟ್ಟುವ ಮರಿಗಳಲ್ಲಿ ಕೆಲವಾದರೂ ಬೋಳುಕತ್ತಿನವು ಆಗುತ್ತವೆ, ಬಿಸಿಲು ಇಳಿದ ಮೇಲೆ ಕೂರಿಸೋಣ ಎಂದು ಕಾಯುತ್ತಿದ್ದರು.

ಏಪ್ರಿಲಿನ ಒಂದು ದಿನ ಸೈಟಿನ ಹಿಂದೆ ಏಳುತ್ತಿದ್ದ ಕಟ್ಟಡಕ್ಕೆ ತಾರಸಿಯ ಮೋಲ್ಡ್ ಹಾಕುವವರು ಬಂದರು. ಮಿಕ್ಸರಿನ ಸದ್ದಿಗೆ ಕೋಳಿಗಳು ಚೆದುರಿ ನಾಯಿಗಳ ಬಾಯಿಗೆ ಬಿದ್ದಾವು ಎಂದು ಓನರಮ್ಮ ಎಲ್ಲವನ್ನೂ ಶೀಟಿನ ಗೂಡಿಗೆ ಕೂಡಿ ಗೃಹಪ್ರವೇಶವೊಂದಕ್ಕೆ ಹೋದರು. ಊಟದ ಪಂಕ್ತಿ ತಡವಾಯಿತು. ಬಂದು ಬಾಗಿಲು ತೆಗೆದಾಗ ಹೇಂಟೆಗಳು ರೆಕ್ಕೆ ಅಗಲಿಸಿ ಬಾಯಿ ತೆರೆದು ತೇಕುತ್ತಿದ್ದವು, ನೀರು ಕಂಡು ಚೇತರಿಸಿಕೊಂಡವು. ಹುಂಜ ಏಳಲಿಲ್ಲ. ರೇಷ್ಮೆ ಸೀರೆಯಲ್ಲೇ ನೆಲಕ್ಕೆ ಕೂತು ಅದರ ತಲೆಗೆ ನೀರು ತಟ್ಟುತ್ತಿದ್ದ ಓನರಮ್ಮನನ್ನು ನಾನು ಶಾಲೆಯಿಂದ ಬಂದಾಗ ನೋಡಿದೆ. ಯುಗಾದಿಯ ಮರುದಿನ, ವರ್ಷತೊಡಕಿಗೆ, ಹುಂಜಗಳನ್ನು ತಾವೇ ನಿಂತು ಕುಯ್ಯಿಸುವ ಹೆಂಗಸು. ಅಂದು ಆ ಹುಂಜವನ್ನು ಮಡಿಲಿಗೆ ಎತ್ತಿಕೊಂಡರು. "ನಮ್ಮವ್ವನ ಮನೆ ತಳಿ ಟೀಚರಮ್ಮ. ನನ್ ಕೈಯಾರೆ ಮುಗಿಸ್ಬುಟ್ಟೆ," ಎಂದರು.

ಮರುದಿನ ಬೆಳಗ್ಗೆ ನಮ್ಮ ಬಾಗಿಲು ಬಡಿದರು. ಕೈಯಲ್ಲಿ ಮೊಟ್ಟೆಗಳು.

"ಉಂಜ ಸತ್ರೂ ಒಂದ್ ವಾರ ಇಡೋ ಮೊಟ್ಟೆ ಅವನದೇ. ಇವನ್ನ ತಂಪಾಗಿ ಮಡಗ್ಬೇಕು. ಫ್ರಿಜ್ನಾಗಿಟ್ರೆ ಸತ್ತೋಯ್ತವೆ, ಒರ್ಗಡೆ ಮಡಗಿದ್ರೆ ಬೆಂದೋಯ್ತವೆ. ನಮ್ಮನೇಲಿಟ್ರೆ ಹುಡುಗ್ರು ಬಾಣಲೆಗೆ ಹಾಕ್ತವೆ. ಅಮ್ಮೋರು ನೀರಿನ ಮಡಕೆ ಮರಳ ಮ್ಯಾಲೆ ಇಟ್ಟವ್ರಲ್ಲ, ಅದ್ರ ಪಕ್ದಲ್ಲಿ ಜಾಗ ಕೊಡಿ."

ಅಮ್ಮೋರು ಎಂದರೆ ನಮ್ಮ ಅತ್ತೆ. ಅತ್ತೆಯ ಅಡುಗೆಮನೆಗೆ ಮೊಟ್ಟೆ. ನಾನು ಅತ್ತೆಯ ಮುಖ ನೋಡಿದೆ. ಅತ್ತೆ ಮೊಟ್ಟೆಗಳನ್ನು ನೋಡಿದರು, ನಿನ್ನೆಯಿಂದ ಅತ್ತು ಊದಿಕೊಂಡಿದ್ದ ಓನರಮ್ಮನ ಕಣ್ಣನ್ನು ನೋಡಿದರು.

"ದೇವರ ಗೂಡಿನ ಕಡೆ ಮುಖ ಮಾಡಿ ಇಡಬೇಡಿ," ಎಂದರು.

"ಮೊಟ್ಟೆಗೆ ಮುಖ ಯಾವ ಕಡೆ ಇರ್ತದೆ ಅಮ್ಮೋರೆ?"

"ಅದೆಲ್ಲ ನಂಗೊತ್ತಿಲ್ಲ. ಇಟ್ಟು ಹೋಗಿ."

ದಿನಕ್ಕೊಮ್ಮೆಯಾದರೂ ಮೊಟ್ಟೆಗಳನ್ನು ಹೊರಳಿಸಬೇಕು ಎಂದು ಓನರಮ್ಮ ಹೇಳಿದ್ದರು. ಅತ್ತೆ ಮೊದಲು ಹಳೇ ಸೌಟಿನ ಹಿಡಿಯಿಂದ, ದೂರ ನಿಂತು, ಮೂಗು ಸೊಟ್ಟ ಮಾಡಿ ಹೊರಳಿಸಿದರು. ಎರಡು ದಿನ ಕಳೆಯುವಷ್ಟರಲ್ಲಿ ಕೈಯಿಂದಲೇ ಹೊರಳಿಸಿ ಕೈತೊಳೆಯುತ್ತಿದ್ದರು. ಮರಳು ಒಣಗಿದೆಯೇ ಎಂದು ಮುಟ್ಟಿ ನೋಡುವುದು, ಟ್ಯಾಂಕರ್ ನೀರಿನ ಬರಗಾಲದಲ್ಲೂ ಅದಕ್ಕೆ ಒಂದು ಲೋಟ ಚಿಮುಕಿಸುವುದು, ಎಲ್ಲ ಅವರದೇ ಕೆಲಸವಾಯಿತು.

ಮೊಟ್ಟೆ ಏನೋ ಕೂಡಿತು. ಕೂರಲು ಹೇಂಟೆಯಿಲ್ಲ. ಆ ಸೆಕೆಯಲ್ಲಿ ಓನರಮ್ಮನ ಯಾವ ಕೋಳಿಗೂ ಕಾವಿನ ಯೋಚನೆಯೇ ಇರಲಿಲ್ಲ. ಒಂದನ್ನು ಬಲವಂತದಿಂದ ಮಂಕರಿಯಡಿ ಕೂರಿಸಿದರೆ ಮಧ್ಯಾಹ್ನಕ್ಕೆ ಎದ್ದು ಮಂಕರಿಯನ್ನೇ ಉರುಳಿಸಿತು. ಹೆಚ್ಚು ದಿನ ಇಟ್ಟರೆ ಮೊಟ್ಟೆಯ ಜೀವ ಹೋಗುತ್ತದೆ. ಅಷ್ಟರಲ್ಲಿ ನೆಂಟರ ಫೋನಿನಿಂದ ಸುದ್ದಿ ಬಂತು. ರಾಜಾನುಕುಂಟೆಯ ಓರಗಿತ್ತಿಯ ಮನೆಯಲ್ಲಿ, ಹಳೇ ಮಣ್ಣುಗೋಡೆಯ ತಂಪಿನಲ್ಲಿ, ಒಂದು ಹೇಂಟೆ ಬರೀ ನೆಲದ ಮೇಲೆಯೇ ಕಾವಿಗೆ ಕೂತುಬಿಟ್ಟಿದೆಯಂತೆ.

"ನಾನ್ ಓಗಾಕಿಲ್ಲ," ಎಂದರು ಓನರಮ್ಮ.

ಯಾರೂ ಹೋಗಿ ಎಂದಿರಲಿಲ್ಲ. ಅಂದೆಲ್ಲ ಕುರ್ಚಿಯಲ್ಲಿ ಕೂತು ದಾರಿಯಲ್ಲಿ ಹೋಗುವವರನ್ನೆಲ್ಲ ಬೈದರು. ಸಂಜೆ ಅತ್ತೆ ಮೆಟ್ಟಿಲಿಳಿದು ಬಂದರು. "ಇನ್ನೆಷ್ಟು ದಿನ ಹೊರಳಿಸಲಿ ನಾನು? ಇಷ್ಟು ದಿನ ಕೈಯಲ್ಲಿ ಆಡಿಸಿದ್ದು ಕೊಳೆತು ಹೋದ್ರೆ ನಂಗೆ ಸಂಕಟ ಆಗುತ್ತೆ. ಹೋಗಿ ಕೇಳಿ. ಇಲ್ಲ ಅಂದ್ರೆ ವಾಪಸ್ ಬನ್ನಿ, ಅಷ್ಟೇ ತಾನೆ?"

ಮರುದಿನ ಬಿಸಿಲೇರುವ ಮೊದಲೇ ನನ್ನ ಸ್ಕೂಟರಿನಲ್ಲಿ ಹೊರಟೆವು. ಮೊಟ್ಟೆಗಳನ್ನು ಸ್ಟೀಲ್ ಡಬ್ಬದ ರಾಗಿಯೊಳಗೆ ಹುದುಗಿಸಿ, ಡಬ್ಬವನ್ನು ಅಪ್ಪಿಕೊಂಡು ಓನರಮ್ಮ ಹಿಂದೆ ಒಂದೇ ಕಡೆ ಕಾಲು ಹಾಕಿ ಕೂತರು. "ಹಂಪ್ ಬಂದ್ರೆ ಯೋಳು," ಎಂದು ದಾರಿಯುದ್ದಕ್ಕೂ ಕೂಗುತ್ತಿದ್ದರು. ದೊಡ್ಡಬಳ್ಳಾಪುರ ರಸ್ತೆಯಲ್ಲಿ ನಾನು ಅಷ್ಟು ನಿಧಾನವಾಗಿ ಹಿಂದೆಂದೂ ಓಡಿಸಿರಲಿಲ್ಲ. ಸೈಕಲ್ಲಿನವನೊಬ್ಬ ನಮ್ಮನ್ನು ದಾಟಿ ಹೋದ.

ಓರಗಿತ್ತಿ ಅಂಗಳ ಗುಡಿಸುತ್ತಿದ್ದರು. ನೋಡಿದರು. ಪೊರಕೆ ಬಿಡಲಿಲ್ಲ. ನನ್ನ ಕಡೆ ತಿರುಗಿ, "ಯಾರವ್ವ ನೀನು? ಏನ್ ಬಂದಿದ್ದು?" ಎಂದರು.

ನಾನು ಹೇಳಿದೆ.

"ಟೀಚರಮ್ಮ, ಉಂಜ ಸತ್ತೋಯ್ತು ಅಂತ ಯೋಳು," ಎಂದರು ಓನರಮ್ಮ, ನನಗೆ.

"ಕೇಳ್ದೆ ಅಂತ ಯೋಳವ್ವ," ಎಂದರು ಓರಗಿತ್ತಿ, ನನಗೇ.

ಇಬ್ಬರ ನಡುವೆ, ಓನರಮ್ಮ ಕೈಗಿತ್ತ ಡಬ್ಬ ಹಿಡಿದು ನಿಂತಿದ್ದವಳು ನಾನು. ಕೊನೆಗೆ ಓರಗಿತ್ತಿ ಡಬ್ಬ ಈಸಿಕೊಂಡು, ರಾಗಿಯೊಳಗೆ ಕೈಯಾಡಿಸಿ ಒಂದು ಮೊಟ್ಟೆ ತೆಗೆದು ಕೆನ್ನೆಗೆ ತಾಗಿಸಿ ನೋಡಿದರು. "ತಂಪಾಗವೆ," ಎಂದರು. ಒಳಗೆ ಹೋಗಿ ಹೇಂಟೆಯ ಕೆಳಗೆ ಒಂದೊಂದಾಗಿ ಸರಿಸಿದರು. ಹೊರಗೆ ಬಂದು, "ಯಾಟೆ ನಂದು. ಮೊದ್ಲು ಎತ್ತೋದು ನಾನು ಅಂತ ಯೋಳು," ಎಂದರು. ಓನರಮ್ಮ ನೆಲ ನೋಡುತ್ತ ತಲೆಯಾಡಿಸಿದರು. ಹಿಂದಿರುಗಿ ಬರುವಾಗ ಹಂಪಿನ ಮಾತೇ ಇರಲಿಲ್ಲ.

ಮೇ ತಿಂಗಳ ಮಳೆಗಳು ಬಂದವು. ಕೆಲವು ಮೊಟ್ಟೆ ಮರಿಯಾದವು, ಕೆಲವು ಆಗಲಿಲ್ಲ. ಒಂದೆರಡನ್ನು ಹದ್ದು ಒಯ್ದಿತು. ಪಾಲಿಗೆ ಕರೆ ಬಂದಾಗ ಉಳಿದಿದ್ದವು ಐದು. ಅವುಗಳಲ್ಲಿ ಬೋಳುಕತ್ತಿನದು ಒಂದೇ ಒಂದು, ಹೇಂಟೆ. ಸುದ್ದಿ ಫೋನಿನಲ್ಲೇ ತಿಳಿದಿತ್ತು. ಹೊರಡುವಾಗ ಓನರಮ್ಮ, "ನ್ಯಾಯ ಕಣಮ್ಮ. ಅವ್ಳು ಅದನ್ನೇ ಎತ್ತೋದು. ನಾನೂ ಅದನ್ನೇ ಅಲ್ವಾ ಎತ್ತಿದ್ದು," ಎಂದರು. ಈ ಸಲ ಅತ್ತೆಯೂ ಬರುತ್ತೇನೆಂದು ಹಟ ಹಿಡಿದರು, ಆಟೋ ಮಾಡಿಕೊಂಡು ಹೋದೆವು.

ಓರಗಿತ್ತಿ ಮಂಕರಿ ಎತ್ತಿದರು. ಮರಿಗಳು ಕಾಲಿಗೆ ತೊಡರಿಕೊಂಡು ಹರಡಿದವು. ಅವರು ಬಗ್ಗಿ, ಒಂದು ಗಳಿಗೆಯೂ ಯೋಚಿಸದೆ, ಬೋಳುಕತ್ತಿನ ಹೇಂಟೆಯನ್ನು ಎತ್ತಿ ಕಂಕುಳಿಗೆ ಸೇರಿಸಿದರು. ಅತ್ತೆ ನನ್ನ ಕೈ ಬಿಗಿಯಾಗಿ ಹಿಡಿದರು. ಓನರಮ್ಮ ಕೈಗೆ ಸಿಕ್ಕ ಒಂದು ಕೆಂಚು ಮರಿಯನ್ನು ಸರಿಯಾಗಿ ನೋಡದೆಯೇ ಎತ್ತಿಕೊಂಡರು. ಆಮೇಲೆ ಅವರೊಂದು, ಇವರೊಂದು. ಐದನೆಯದನ್ನು ಓರಗಿತ್ತಿ ತಾಯಿಯ ಹತ್ತಿರವೇ ಬಿಟ್ಟರು.

ಪಾಲು ಮುಗಿಯಿತು. ಓನರಮ್ಮ ತಮ್ಮ ಮರಿಗಳನ್ನು ಬುಟ್ಟಿಗೆ ಹಾಕಿ ಮುಚ್ಚಿ ಎದ್ದುನಿಂತರು. ಓರಗಿತ್ತಿ ಆ ಬೋಳು ಕತ್ತನ್ನು ಎರಡು ಬೆರಳಿನಿಂದ ಸವರುತ್ತ ನಿಂತಿದ್ದರು. ಅಷ್ಟು ವರ್ಷಗಳ ಮೇಲೆ ಮೊದಲ ಸಲ ನನ್ನನ್ನು ಬಿಟ್ಟು ನೇರವಾಗಿ ಓನರಮ್ಮನನ್ನೇ ನೋಡಿದರು.

"ಅಕ್ಕಾ. ಇದ್ನ ನಿಂಗೆ ಪಾಲಿಗ್ ಕೊಡ್ತೀನಿ. ಸಾಕ್ತೀಯಾ?"

ಪಾಲಿಗೆ ತೆಗೆದುಕೊಂಡವರಲ್ಲ ಎಂದು ಇಡೀ ಸಿಂಗಾಪುರಕ್ಕೆ ಸಾರಿದ್ದ ಬಾಯಿ ಓನರಮ್ಮನದು. ಅವರು ಕೈಯಲ್ಲಿದ್ದ ಬುಟ್ಟಿಯನ್ನು ನೆಲಕ್ಕಿಳಿಸಿದರು.

"ಮರಿ ಆದ್ರೆ ಮೊದ್ಲು ಎತ್ತೋದು ನೀನೇ ತಾನೆ?" ಎಂದರು ಓನರಮ್ಮ.

"ಊಂ. ನಾನೇ. ಪ್ರತಿ ಸಲನೂ ನೀನೇ ತರ್ಬೇಕು, ಇಲ್ಲಿಗೆ."

"ತತ್ತಾ," ಎಂದು ಓನರಮ್ಮ ಎರಡು ಕೈಯಲ್ಲೂ ಸೆರಗೊಡ್ಡಿದರು.